ಬಿಸಿಯಾದರೆ ನಿಲ್ಲುವ ಪದ್ಮಿನಿ: ಬಿಸಿಲಿನ ತಪ್ಪೋ, ಪೆಟ್ರೋಲಿನ ತಪ್ಪೋ?

ಕೋಟೆ ಕೆಳಗಿನವನು (ಬಳ್ಳಾರಿ)

ನಮ್ಮ ಮನೆಯ 1986ರ ಪ್ರೀಮಿಯರ್ ಪದ್ಮಿನಿ ಹಲವು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಈಗ ಓಡುತ್ತಿದೆ, ಆದರೆ ನಂಬಿ ಊರು ಬಿಡುವ ಹಾಗಿಲ್ಲ. ಬೆಳಗಿನ ಹೊತ್ತು ಒಂದೇ ಸಲ ಸೆಲ್ಫ್ (ಸ್ಟಾರ್ಟರ್) ಹೊಡೆದರೆ ಶುರುವಾಗುತ್ತದೆ. ಗಾಂಧಿನಗರ, ಮೋತಿ ಸರ್ಕಲ್ ಅಂತ ಊರೊಳಗೆ ಸುತ್ತಿದರೆ ತಕರಾರಿಲ್ಲ. ಸಿರುಗುಪ್ಪ ರಸ್ತೆ ಹಿಡಿದು ಅರ್ಧ ಗಂಟೆ ಓಡಿಸಿದರೆ ಸಾಕು, ನಾಲ್ಕೈದು ಸಲ ಜಗ್ಗಾಡಿ ನಿಂತುಬಿಡುತ್ತದೆ. ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಇಪ್ಪತ್ತು ನಿಮಿಷ ಕಾದರೆ ಮತ್ತೆ ಶುರು. ತೆಕ್ಕಲಕೋಟೆಯ ಟೀ ಅಂಗಡಿಯವರು ಈಗ ನನ್ನ ಗಾಡಿಯನ್ನು ಗುರುತಿಸುತ್ತಾರೆ.

ಟ್ಯಾಂಕ್ ಖಾಲಿ ಮಾಡಿಸಿದ್ದೇನೆ. ಆಯಿಲ್, ಬ್ಯಾಟರಿ, ಪ್ಲಗ್, ನಾಲ್ಕೂ ಚಕ್ರದ ಬ್ರೇಕ್ ಸಿಲಿಂಡರ್ ಹೊಸದು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಬಿಚ್ಚಿಸಿ ರಿಪೇರಿ ಕಿಟ್ ಹಾಕಿಸಿದ್ದಾಗಿದೆ. ಕಿಡಿ ಹುಟ್ಟಿಸುವ ಭಾಗಗಳಾದ ಪಾಯಿಂಟ್ (ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್), ಕಂಡೆನ್ಸರ್, ಕಾಯಿಲ್ ಕೂಡ ಆಗಲೇ ಬದಲಾದವು. ಈಗ ಒಬ್ಬ ಮೆಕ್ಯಾನಿಕ್ ಎಲೆಕ್ಟ್ರಿಕ್ ಪಂಪ್ ಹಾಕೋಣ ಎನ್ನುತ್ತಾನೆ, ಇನ್ನೊಬ್ಬ ಮಾರುತಿ ಕಾರ್ಬುರೇಟರ್ ಕೂಡಿಸೋಣ ಎನ್ನುತ್ತಾನೆ. ದುಡ್ಡು ಕೊಡುವ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ. ಮನೆಯಲ್ಲೇ ಮಾಡಬಹುದಾದ ಕೆಲಸವಿದ್ದರೆ ಒಳ್ಳೆಯದು, ಸ್ಪ್ಯಾನರ್ ಹಿಡಿಯಲು ಬರುತ್ತದೆ.

ಗಂಗಾವತಿ ಸ್ಪ್ಯಾನರ್

ಇದು ವೇಪರ್ ಲಾಕ್, ಬೇರೆ ಮಾತೇ ಇಲ್ಲ. ಪದ್ಮಿನಿಯ ಪಂಪ್ ಎಂಜಿನ್ನಿಗೇ ಅಂಟಿಕೊಂಡಿದೆ. ಏಪ್ರಿಲಿನಲ್ಲಿ ನಮ್ಮ ಕಡೆ ನೆರಳಿನಲ್ಲೇ ನಲವತ್ತು ಡಿಗ್ರಿ, ಬಾನೆಟ್ಟಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಪಂಪು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪೆಟ್ರೋಲ್ ಬೇಗ ಕುದಿಯುತ್ತದೆ, ಪಂಪಿಗೆ ದ್ರವದ ಬದಲು ಆವಿ ಸಿಗುತ್ತದೆ. ಪಂಪಿನೊಳಗಿನ ಪೊರೆ, ಅಂದರೆ ಡಯಾಫ್ರಮ್, ಆವಿಯನ್ನು ತಳ್ಳಲಾರದು. ಎಥನಾಲ್ ಬೆರೆತ ಮೇಲಂತೂ ಇದು ಜಾಸ್ತಿಯಾಗಿದೆ. ಹಿಂದೆ ಟ್ಯಾಕ್ಸಿಯವರು ಪಂಪಿಗೆ ಒದ್ದೆ ಗೋಣಿಚೀಲದ ತುಂಡು ಕಟ್ಟಿಕೊಂಡೇ ಓಡಿಸುತ್ತಿದ್ದರು.

ಪೆಟ್ರೋಲ್ ಪೈಪು ಸೈಲೆನ್ಸರ್ ಮ್ಯಾನಿಫೋಲ್ಡಿಗೆ ತಾಗುತ್ತಿದೆಯೇ ನೋಡಿ, ದೂರ ಸರಿಸಿ. ಕಾರ್ಬುರೇಟರಿನ ಕೆಳಗೆ ಶಾಖ ತಡೆಯುವ ದಪ್ಪ ಇನ್ಸುಲೇಟರ್ ಇದೆಯೋ, ಯಾರಾದರೂ ತೆಗೆದು ತೆಳ್ಳನೆಯ ಗ್ಯಾಸ್ಕೆಟ್ ಹಾಕಿದ್ದಾರೋ ನೋಡಿ. ಆಮೇಲೆ ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಹಾಕಿಬಿಡಿ. ತಳ್ಳುವ ಪಂಪಿಗೆ ವೇಪರ್ ಲಾಕಿನ ಕಾಟ ಕಡಿಮೆ.

ಶಕ್ತಿನಗರ ಓಮ್

ಸ್ಪ್ಯಾನರ್ ಅವರು ಹೇಳಿದ ವಿಜ್ಞಾನ ಸರಿ, ತೀರ್ಪು ಅವಸರದ್ದು. ಥರ್ಮಲ್ ಪವರ್ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿ ನಿವೃತ್ತನಾದವನು ನಾನು. ಅಲ್ಲಿ ಕಲಿತದ್ದು, ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ಹೇಳಲಾಗದು. ನೀವು ಒದ್ದೆ ಬಟ್ಟೆ ಹಾಕಿದ್ದೀರಿ, ಇಪ್ಪತ್ತು ನಿಮಿಷ ಕಾದೂ ಇದ್ದೀರಿ. ಶ್ರೇಯಸ್ಸು ಬಟ್ಟೆಗೆ ಹೋಯಿತು. ಆ ಇಪ್ಪತ್ತು ನಿಮಿಷದಲ್ಲಿ ಕಾಯಿಲ್ ತಣ್ಣಗಾಗಿದೆ, ಕಂಡೆನ್ಸರ್ ತಣ್ಣಗಾಗಿದೆ, ಟ್ಯಾಂಕಿನೊಳಗೆ ಗಾಳಿ ಮೆಲ್ಲಗೆ ನುಸುಳಿದೆ, ಫಿಲ್ಟರಿಗೆ ಅಡ್ಡ ಬಂದ ಕಸ ಕೆಳಗೆ ಕೂತಿದೆ. ಈ ನಾಲ್ಕೂ ದೋಷಗಳ ಲಕ್ಷಣ ಒಂದೇ: ಓಡಿದಾಗ ನಿಲ್ಲುತ್ತದೆ, ಕಾದಾಗ ಹೊರಡುತ್ತದೆ. ಮುಂದಿನ ಸಲ ಬಟ್ಟೆ ಬೇಡ. ನಿಂತ ಮೊದಲ ಎರಡು ನಿಮಿಷದಲ್ಲಿ ಏನು ನೋಡುತ್ತೀರೋ ಅದೇ ಸಾಕ್ಷಿ.

ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ಒಳಗೆ ಗಾಳಿ ಎಳೆದುಕೊಂಡ ‘ಸುಸ್’ ಸದ್ದು ಜೋರಾಗಿ ಬಂದು ಗಾಡಿ ತಕ್ಷಣ ಹೊರಟರೆ ಮುಚ್ಚಳದ ಉಸಿರುರಂಧ್ರ ಕಟ್ಟಿದೆ. ಸದ್ದಿಲ್ಲದಿದ್ದರೆ ಏರ್ ಫಿಲ್ಟರ್ ತೆಗೆದು, ಎಂಜಿನ್ ನಿಂತಿರುವಾಗಲೇ, ಕಾರ್ಬುರೇಟರಿನ ಬಾಯೊಳಗೆ ನೋಡುತ್ತ ಆಕ್ಸಿಲರೇಟರ್ ಲಿವರನ್ನು ಕೈಯಿಂದ ಎಳೆಯಿರಿ. ಸಣ್ಣ ನಳಿಕೆಯಿಂದ ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಿದರೆ ಫ್ಲೋಟ್ ಬೌಲಿನಲ್ಲಿ (ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಪೆಟ್ರೋಲಿದೆ. ಪೆಟ್ರೋಲ್ ಇದ್ದೂ ಎಂಜಿನ್ ಸತ್ತಿದ್ದರೆ ವೇಪರ್ ಲಾಕ್ ಎಂಬ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಕಿಡಿ. ಹಳೆಯ ಪ್ಲಗ್ ಒಂದನ್ನು ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿ ಸೆಲ್ಫ್ ಹೊಡೆಸಿ. ನೀಲಿ ಕಿಡಿ ಚಟ್ ಚಟ್ ಎಂದು ಬಂದರೆ ಚೆನ್ನ. ಹಳದಿಯಾಗಿ ಸೊರಗಿದ್ದರೆ, ಇಲ್ಲವೇ ಬರದೇ ಇದ್ದರೆ ಕಾರ್ಬುರೇಟರನ್ನು ಬಿಟ್ಟುಬಿಡಿ. ಒಂದು ಎಚ್ಚರಿಕೆ: ಕಿಡಿ ನೋಡುವಾಗ ಕಾರ್ಬುರೇಟರಿನ ಬಾಯಿ ಮುಚ್ಚಿರಲಿ, ಪೆಟ್ರೋಲ್ ಚೆಲ್ಲಿದ್ದರೆ ಒರೆಸಿ ಆರಲು ಬಿಡಿ, ಕೈಗೆಟಕುವಲ್ಲಿ ಬೆಂಕಿ ಆರಿಸುವ ಡ್ರೈ ಪೌಡರ್ ಸಿಲಿಂಡರ್ ಇರಲಿ. ನೀರಿನ ಬಕೆಟ್ ಪೆಟ್ರೋಲಿನ ಬೆಂಕಿಯನ್ನು ಹರಡುತ್ತದೆ.

ಕುಷ್ಟಗಿ 800

ಮುಚ್ಚಳದ ಮಾತಿಗೆ ನನ್ನದೂ ಒಂದು ಸಾಕ್ಷಿ. ನನ್ನದು 1997ರ ಮಾರುತಿ 800, ಕಾರ್ಬುರೇಟರಿನದು. ಹಳೆಯ ಮುಚ್ಚಳ ಕಳೆದು ಅಂಗಡಿಯಲ್ಲಿ ಸಿಕ್ಕ ಬೀಗದ ಮುಚ್ಚಳ ಹಾಕಿದ್ದೆವು. ಅದರಲ್ಲಿ ಗಾಳಿಯಾಡುವ ದಾರಿಯೇ ಇರಲಿಲ್ಲ. ಹನುಮಸಾಗರ ದಾಟುವಷ್ಟರಲ್ಲಿ ನಿಲ್ಲುತ್ತಿತ್ತು. ಮುಚ್ಚಳ ಸಡಿಲ ಮಾಡಿ ಓಡಿಸಿದರೆ ಏನೂ ಇಲ್ಲ.

ಸಿಂಧನೂರು ಗದ್ದೆ

ಕಿಡಿಯೋ ಪೆಟ್ರೋಲೋ ಆಮೇಲೆ ನೋಡಿ, ವರ್ಷಗಟ್ಟಲೆ ನಿಂತ ಗಾಡಿಯ ರಬ್ಬರ್ ಪೈಪುಗಳನ್ನು ಇವತ್ತೇ ಬದಲಿಸಿ. ಎಥನಾಲ್ ಶೇ 20 ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬಿಡುಗಡೆಯಾಗಿ ಈಗ ಎಲ್ಲ ಬಂಕುಗಳಿಗೂ ಬಂದಿದೆ. 1986ರ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಹೊರಗಿನಿಂದ ಚೆನ್ನಾಗಿ ಕಾಣುವ ಪೈಪು ಒಳಗೆ ಉಬ್ಬಿ, ಚೂರುಚೂರಾಗಿ, ಕಪ್ಪು ಪುಡಿಯಾಗಿ ಕಾರ್ಬುರೇಟರಿನ ಜೆಟ್ಟಿಗೆ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು) ಹೋಗಿ ಕೂರುತ್ತದೆ. ಅಂಗಡಿಯಲ್ಲಿ ಬರೀ ಪೆಟ್ರೋಲ್ ಪೈಪು ಎಂದು ಕೇಳಬೇಡಿ. ಎಥನಾಲ್ ತಾಳುವ ಪೈಪಿನ ಗುರುತಾದ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನೇ ಕೊಡಿ ಎನ್ನಿ. ಪಂಪಿನ ಡಯಾಫ್ರಮ್ಮಿಗೂ ಇದೇ ಗತಿ. ಅದು ಹರಿದರೆ ಪೆಟ್ರೋಲ್ ಎಂಜಿನ್ನಿನೊಳಗೆ ಇಳಿಯುತ್ತದೆ. ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ, ಮಟ್ಟ ಏರಿ ಪೆಟ್ರೋಲಿನ ವಾಸನೆ ಬಂದರೆ ಆ ಎಂಜಿನ್ನನ್ನು ಶುರು ಮಾಡಲೇಬೇಡಿ.

ಅಂದ ಹಾಗೆ, ಭತ್ತದ ಸೀಮೆಯವರಿಗೆ ಇನ್ನೊಂದು ಸಮಸ್ಯೆ ಇದೆ. ಸುಗ್ಗಿ ಮುಗಿದು ಗದ್ದೆ ಬರಿದಾದಾಗ ಇಲಿಗಳು ನಿಂತ ಗಾಡಿಯೊಳಗೆ ಸಂಸಾರ ಹೂಡುತ್ತವೆ. ನಮ್ಮ ಜೀಪಿನ ಏರ್ ಫಿಲ್ಟರ್ ಡಬ್ಬಿಯಲ್ಲಿ ಸೇರು ಭತ್ತ ಸಿಕ್ಕಿತು.

ಸಂಡೂರು ಧೂಳು

ಏರ್ ಫಿಲ್ಟರ್ ವಿಷಯ ಬಂದದ್ದರಿಂದ ಹೇಳುತ್ತೇನೆ. ಅದಿರು ಲಾರಿಗಳ ದಾರಿಯಲ್ಲಿ ಓಡಿಸುವವರು ದಯವಿಟ್ಟು ಡಬ್ಬಿ ತೆಗೆದು ಬರಿಯ ಜಾಲರಿ ಫಿಲ್ಟರ್ ಹಾಕಬೇಡಿ. ಸದ್ದು ಜೋರಾಗುತ್ತದೆ, ಓಟ ಜೋರಾಗುವುದಿಲ್ಲ. ಕೆಂಪು ಧೂಳು ಕಾರ್ಬುರೇಟರಿನ ಥ್ರಾಟಲ್ ಕಡ್ಡಿಯ (ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಕಡ್ಡಿ) ತೂತನ್ನು ಸವೆಸುತ್ತದೆ. ಆ ಸಂದಿನಿಂದ ಕದ್ದ ಗಾಳಿ ಹೋದರೆ ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ಓಟ) ಎಂದೂ ಒಂದೇ ಸಮ ಇರದು, ಎಷ್ಟು ಕಿಟ್ ಹಾಕಿದರೂ ಅಷ್ಟೇ. ಥ್ರಾಟಲ್ ಕಡ್ಡಿಯನ್ನು ಬೆರಳಿನಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಲಟಲಟ ಎಂದರೆ ಲೇತಿನವರ ಹತ್ತಿರ ಬುಷ್ ಹಾಕಿಸಬೇಕು.

ಗಂಗಾವತಿ ಸ್ಪ್ಯಾನರ್

ಓಮ್ ಅವರೇ, ಮೀಟರ್ ಹಿಡಿದವರಿಗೆ ಎಲ್ಲವೂ ಕರೆಂಟಾಗಿಯೇ ಕಾಣುತ್ತದೆ. ಕಾಯಿಲ್ ಹೊಸದು ಎಂದು ಅವರೇ ಬರೆದಿದ್ದಾರಲ್ಲ.

ಶಕ್ತಿನಗರ ಓಮ್

ಹೊಸದು ಎಂಬುದು ಬಿಲ್ಲಿನ ಗುಣ, ವಸ್ತುವಿನದಲ್ಲ. ಕಾದು ನೋಡೋಣ.

ಕೋಟೆ ಕೆಳಗಿನವನು

ಈ ಭಾನುವಾರ ಮತ್ತೆ ಅದೇ ರಸ್ತೆಗೆ ಹೋದೆ. ಬೇಕೆಂದೇ ಮಧ್ಯಾಹ್ನ ಹೊರಟೆ, ಜೊತೆಗೆ ತಮ್ಮನನ್ನು ಕರೆದುಕೊಂಡು. ನಿರೀಕ್ಷಿಸಿದ ಜಾಗದಲ್ಲೇ ನಿಂತಿತು. ಮುಚ್ಚಳ ತೆರೆದರೆ ಸದ್ದಿಲ್ಲ. ಲಿವರ್ ಎಳೆದರೆ ಪೆಟ್ರೋಲ್ ಚೆನ್ನಾಗಿ ಚಿಮ್ಮಿತು. ತಮ್ಮ ಸೆಲ್ಫ್ ಹೊಡೆದ, ಪ್ಲಗ್ಗಿನಲ್ಲಿ ಕಿಡಿ ಇಲ್ಲವೇ ಇಲ್ಲ. ಕಾಯಿಲ್ ಮುಟ್ಟಿದರೆ ಬೆರಳು ಇಡಲಾಗದಷ್ಟು ಬಿಸಿ. ಪಂಪಿಗೆ ಬಟ್ಟೆ ಹಾಕಲಿಲ್ಲ, ಬೇವಿನ ಮರದ ಕೆಳಗೆ ಸುಮ್ಮನೆ ಕೂತೆವು. ಅಷ್ಟೇ ಹೊತ್ತಿಗೆ ಮತ್ತೆ ಶುರುವಾಯಿತು.

ಮನೆಗೆ ಬಂದು ಡೆಲ್ಕೊ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆದರೆ ಪಾಯಿಂಟಿನ ಮುಖ ಸುಟ್ಟು ಕಪ್ಪಾಗಿದೆ, ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು. ಹಾಕಿಸಿ ಹೆಚ್ಚು ದಿನವಾಗಿಲ್ಲ. ಮುಂದೆ?

ಶಕ್ತಿನಗರ ಓಮ್

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕಾಯಿಲಿನ ಎರಡು ಸಣ್ಣ ತಂತಿಗಳನ್ನು ಬಿಚ್ಚಿ, ಪ್ಲಸ್ ಮತ್ತು ಮೈನಸ್ ನಡುವೆ ಮಲ್ಟಿಮೀಟರಿನಲ್ಲಿ ಓಮ್ (ಕರೆಂಟಿಗೆ ಎಷ್ಟು ತಡೆಯಿದೆ ಎಂಬುದು) ಅಳೆಯಿರಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಕಳೆಯುವುದನ್ನು ಮರೆಯಬೇಡಿ, ಅಗ್ಗದ ಮೀಟರುಗಳಲ್ಲಿ ಅದೇ ಅರ್ಧ ಓಮ್ ಇರುತ್ತದೆ.

ಕೋಟೆ ಕೆಳಗಿನವನು

ಕಳೆದು 1.6 ಬಂತು.

ಶಕ್ತಿನಗರ ಓಮ್

ಅಲ್ಲಿದೆ ನೋಡಿ. ಪಾಯಿಂಟ್ ಇರುವ, ಬೇರೆ ರೆಸಿಸ್ಟರ್ ಇಲ್ಲದ 12 ವೋಲ್ಟ್ ಗಾಡಿಗೆ ಸುಮಾರು 3 ಓಮ್‌ನ ಕಾಯಿಲ್ ಬೇಕು. ಒಂದೂವರೆ ಓಮ್‌ನದು ಕರೆಂಟು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಜೊತೆಗೆ ಬಳಸಲು ಮಾಡಿದ್ದು. ಹೊರಗಿನಿಂದ ಎರಡೂ ಒಂದೇ ಡಬ್ಬಿ, ಒಂದೇ ಬಣ್ಣ.

ಲೆಕ್ಕ ಸರಳ. ಓಡುವಾಗ ಚಾರ್ಜಿಂಗ್ 14 ವೋಲ್ಟ್ ಎಂದುಕೊಳ್ಳಿ. 3 ಓಮ್ ಇದ್ದರೆ ಪಾಯಿಂಟ್ ಮುಚ್ಚಿದಾಗ ಹರಿಯುವ ಕರೆಂಟು ಐದು ಆಂಪಿಯರಿನ ಒಳಗೇ ಇರುತ್ತದೆ. 1.6 ಇದ್ದರೆ ಒಂಬತ್ತರ ಹತ್ತಿರಕ್ಕೆ ಹೋಗಬಹುದು. ಆ ಕರೆಂಟು ಕಾಯಿಲನ್ನು ಕಾಯಿಸುತ್ತದೆ, ಪಾಯಿಂಟನ್ನು ಸುಡುತ್ತದೆ. ಊರೊಳಗೆ ಹತ್ತು ನಿಮಿಷ ಓಡಿಸಿ ನಿಲ್ಲಿಸುವಾಗ ಗೊತ್ತಾಗದು. ಹೆದ್ದಾರಿಯಲ್ಲಿ ಅರ್ಧ ಗಂಟೆಗೆ ಒಳಗಿನ ಸುರುಳಿ ಕೈಕೊಡುತ್ತದೆ. ತಣ್ಣಗಾದರೆ ಮತ್ತೆ ಜೀವ ಬರುತ್ತದೆ, ಆದರೆ ಪ್ರತಿ ಸಲವೂ ಒಳಗಿನ ಇನ್ಸುಲೇಷನ್ ಇನ್ನಷ್ಟು ಹಾಳಾಗಿರುತ್ತದೆ.

3 ಓಮ್‌ನ ಕಾಯಿಲ್ ತನ್ನಿ. ಮೀಟರನ್ನು ಅಂಗಡಿಗೇ ಒಯ್ದು, ಕೌಂಟರ್ ಮೇಲೆ ಅಳೆದು ಕೊಳ್ಳಿ. ನಾಚಿಕೆ ಬೇಡ, ಚಿನ್ನದಂಗಡಿಯಲ್ಲಿ ತೂಕ ನೋಡುವುದಿಲ್ಲವೇ? ಜೊತೆಗೆ ಪಾಯಿಂಟ್, ಕಂಡೆನ್ಸರ್ ಹೊಸದು ಹಾಕಿ. ಗುಳಿ, ಉಬ್ಬು ಎದ್ದಿರುವುದು ಕಂಡೆನ್ಸರ್ ಹೊಂದಿಲ್ಲವೆಂಬ ಸೂಚನೆಯೂ ಹೌದು. ಪಾಯಿಂಟ್ ಸಂದು 0.45 ಮಿ.ಮೀ., ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಎಣ್ಣೆಯಿಲ್ಲದೆ ಒಣಗಿರಲಿ. ಪಾಯಿಂಟನ್ನು ತೆರೆಯುವ ಕ್ಯಾಮ್ ಮೇಲೆ ಚಿಟಿಕೆ ಗ್ರೀಸ್ ಸವರಿ, ಇಲ್ಲದಿದ್ದರೆ ಪಾಯಿಂಟಿನ ಹಿಮ್ಮಡಿ ಸವೆದು ಸಂದು ಮುಚ್ಚಿಕೊಳ್ಳುತ್ತದೆ. ಪಾಯಿಂಟ್ ಆದಮೇಲೆಯೇ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತನ್ನು ಹೊಂದಿಸುವುದು. ಸಂದು ಬದಲಾದರೆ ಟೈಮಿಂಗೂ ಬದಲಾಗುವುದರಿಂದ ಈ ಕ್ರಮ ತಿರುಗಿಸಬೇಡಿ. ಎಂಜಿನ್ ಓಡದೆ ಕೀ ಆನ್ ಇಟ್ಟು ಹಾಡು ಕೇಳುವ ಅಭ್ಯಾಸವಿದ್ದರೆ ಬಿಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಎಂಜಿನ್ ನಿಂತಿದ್ದರೆ ಒಳ್ಳೆಯ ಕಾಯಿಲೂ ಬೇಯುತ್ತದೆ.

ಗಂಗಾವತಿ ಸ್ಪ್ಯಾನರ್

ಕಾಯಿಲ್ ವಿಷಯ ಒಪ್ಪಿದೆ. ಆದರೆ ಇನ್ಸುಲೇಟರ್ ನೋಡಿ ಎಂದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ನಾನು ನೆನಪಾಗುತ್ತೇನೆ.

ಕೋಟೆ ಕೆಳಗಿನವನು

ಇನ್ಸುಲೇಟರ್ ಇದೆ, ನೋಡಿದೆ. ಪೈಪುಗಳನ್ನೂ ಬದಲಿಸಿದೆ, ಹಳೆಯದನ್ನು ಸೀಳಿದರೆ ಒಳಗೆ ಗದ್ದೆಯವರು ಹೇಳಿದ ಕಪ್ಪು ಪುಡಿಯೇ. ಕಾಯಿಲ್ 3.1 ಓಮ್‌ನದು ಸಿಕ್ಕಿತು. ಅಂಗಡಿಯವರು ಮೊದಲು ನಕ್ಕರು, ಆಮೇಲೆ ತಮ್ಮ ಕಪಾಟಿನ ಉಳಿದವನ್ನೂ ಅಳೆದು ಕೊಡಿ ಎಂದರು.

ಸಿರುಗುಪ್ಪ ದಾಟಿ ಸಿಂಧನೂರಿನವರೆಗೆ ಹೋಗಿ ಬಂದೆ, ಎಲ್ಲಿಯೂ ನಿಲ್ಲಲಿಲ್ಲ. ಈಗ ಉಳಿದದ್ದು ಚಿಕ್ಕದು: ಗೇರ್ ಬದಲಿಸಿ ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ತಡವರಿಸುತ್ತದೆ, ಕೆಲವೊಮ್ಮೆ ಕಾರ್ಬುರೇಟರ್ ಸೀನುತ್ತದೆ. ಪ್ಲಗ್ ಬಿಳಿಚಿಕೊಂಡಿವೆ.

ಸಿಂಧನೂರು ಗದ್ದೆ

ಅದು ಪೆಟ್ರೋಲ್ ಸಾಲದ ಲಕ್ಷಣ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಐದರಲ್ಲಿ ಒಂದು ಪಾಲು ಎಥನಾಲ್ ಆದಾಗ ಅದೇ ಗಾಳಿಗೆ ಸುಮಾರು ಶೇ 8ರಷ್ಟು ಹೆಚ್ಚು ಇಂಧನ ಹೋಗಬೇಕು. ಇಂಜೆಕ್ಷನ್ ಗಾಡಿಗಳಲ್ಲಿ ಸೆನ್ಸರ್ ಅದನ್ನು ಸರಿದೂಗಿಸುತ್ತದೆ. ಕಾರ್ಬುರೇಟರಿನ ಜೆಟ್ಟಿಗೆ ಕಣ್ಣಿಲ್ಲ, ತೂತಿನ ಅಳತೆಯಷ್ಟೇ ಅದಕ್ಕೆ ಗೊತ್ತು.

ಪದ್ಮಿನಿಯ ಸೋಲೆಕ್ಸ್ ಕಾರ್ಬುರೇಟರಿನ ಜೆಟ್ಟಿನ ಮೇಲಿನ ಅಂಕಿ ತೂತಿನ ವ್ಯಾಸ, ಮಿಲಿಮೀಟರಿನ ನೂರನೇ ಭಾಗದಲ್ಲಿ. ಉದಾಹರಣೆಗೆ 120ರ ಬದಲು 125 ಹಾಕಿದರೆ ತೂತಿನ ವಿಸ್ತೀರ್ಣ ಶೇ 8ರಷ್ಟು ಹೆಚ್ಚುತ್ತದೆ. ಅಂದರೆ ನಿಮ್ಮದರಲ್ಲಿ ಈಗ ಯಾವುದಿದೆಯೋ ಅದಕ್ಕಿಂತ ಒಂದು ಮೆಟ್ಟಿಲು ದೊಡ್ಡ ಮೇನ್ ಜೆಟ್ ಸಾಕು. ಹಳೆಯ ಜೆಟ್ಟನ್ನು ಡ್ರಿಲ್ಲಿನಿಂದ ಕೊರೆಯಲು ಯಾರಿಗೂ ಬಿಡಬೇಡಿ. ಹಾಗೆಯೇ ಜೆಟ್ ಕಟ್ಟಿದರೆ ತಂತಿ ತೂರಿಸಬೇಡಿ, ಹಿತ್ತಾಳೆ ಮೆದು, ಅಳತೆ ಕೆಟ್ಟರೆ ಮತ್ತೆ ಬಾರದು. ಕ್ಲೀನರಿನಲ್ಲಿ ನೆನೆಸಿ ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ.

ಸಂಡೂರು ಧೂಳು

ಜೆಟ್ ಮುಟ್ಟುವ ಮೊದಲು ಕದ್ದ ಗಾಳಿ ಪರೀಕ್ಷಿಸಿ. ಎಂಜಿನ್ ಐಡಲಿನಲ್ಲಿರುವಾಗ ಕಾರ್ಬುರೇಟರಿನ ತಳ, ಮ್ಯಾನಿಫೋಲ್ಡ್ ಸಂದುಗಳ ಮೇಲೆ ಇಸ್ತ್ರಿಗೆ ಬಳಸುವ ನೀರಿನ ಸ್ಪ್ರೇ ಹೊಡೆಯಿರಿ, ವೈರಿಂಗ್ ಕಡೆಗಲ್ಲ. ಎಂಜಿನ್ನಿನ ಸದ್ದು ಬದಲಾದ ಜಾಗದಲ್ಲಿ ಸೋರಿಕೆ ಇದೆ. ಕೆಲವರು ಕಾರ್ಬುರೇಟರ್ ಕ್ಲೀನರನ್ನೇ ಹೊಡೆಯುತ್ತಾರೆ, ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಯ ಆಟ.

ಐಡಲ್ ಹೊಂದಿಸುವುದು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ. ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟಿಸಿ ಒಂದೂವರೆ ಸುತ್ತು ಹೊರಗೆ ತೆಗೆದು ಶುರು ಮಾಡಿ. ಗಟ್ಟಿಯಾಗಿ ಬಿಗಿದರೆ ಅದರ ಮೊನೆ ಕೆಡುತ್ತದೆ. ಎಂಜಿನ್ ಅತಿ ವೇಗವಾಗಿ, ನಯವಾಗಿ ಓಡುವ ಜಾಗ ಸಿಕ್ಕಾಗ ಐಡಲ್ ಸ್ಕ್ರೂವಿನಿಂದ ವೇಗ ಇಳಿಸಿ, ಮತ್ತೆ ಮಿಶ್ರಣ ನೋಡಿ. ಎರಡೂ ಒಂದನ್ನೊಂದು ಅವಲಂಬಿಸಿವೆ. ಕೆಲಸ ಬಯಲಿನಲ್ಲಿ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣ ತೆಗೆಯುತ್ತದೆ.

ಕುಷ್ಟಗಿ 800

ನಡುವೆ ಒಂದು ಪ್ರಶ್ನೆ. ನನ್ನ ಗಾಡಿಯ ಥರ್ಮೋಸ್ಟ್ಯಾಟನ್ನು (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ಮೆಕ್ಯಾನಿಕ್ ತೆಗೆದು ಎಸೆದಿದ್ದಾನೆ. ‘ನಮ್ಮ ಸೀಮೆಗೆ ಅದು ಬೇಡ’ ಎಂದ. ಚಳಿಗಾಲದಲ್ಲಿ ಚೋಕ್ ಬಿಟ್ಟರೆ ತುಂಬ ಹೊತ್ತು ಕುಂಟುತ್ತದೆ. ಸಂಬಂಧ ಇದೆಯೇ?

ಗಂಗಾವತಿ ಸ್ಪ್ಯಾನರ್

ತೆಗೆಯುವುದೇ ಸರಿ. ನಮ್ಮ ಕಡೆಯ ಟ್ಯಾಕ್ಸಿಗಳು ಯಾವುವೂ ಅದನ್ನು ಇಟ್ಟುಕೊಂಡಿರಲಿಲ್ಲ. ಅದು ಮುಚ್ಚಿಕೊಂಡು ಸಿಕ್ಕಿಬಿದ್ದರೆ ಹೆಡ್ ಹೋಯಿತು.

ಶಕ್ತಿನಗರ ಓಮ್

ಸಂಬಂಧ ಇದೆ. ಬಿಸಿಯಾದ ಎಂಜಿನ್ನಿನಲ್ಲಿ ಥರ್ಮೋಸ್ಟ್ಯಾಟ್ ಪೂರ್ತಿ ತೆರೆದಿರುತ್ತದೆ. ಆಗ ಅದು ಇದ್ದರೂ ಇಲ್ಲದಿದ್ದರೂ ಎಂಜಿನ್ನಿಗೆ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಬೆಳಗಿನ ಹೊತ್ತು. ಅದಿಲ್ಲದೆ ಎಂಜಿನ್ ಬಿಸಿಯೇರುವುದು ನಿಧಾನ, ಪೆಟ್ರೋಲ್ ಸರಿಯಾಗಿ ಆವಿಯಾಗದು, ಪ್ಲಗ್ ಕಪ್ಪಾಗುತ್ತವೆ, ಆಯಿಲ್ ಕೆಡುತ್ತದೆ. ಹೊಸದನ್ನು ಹಾಕುವ ಮೊದಲು ಬಾಣಲೆಯ ನೀರಿನಲ್ಲಿ ಕಾಯಿಸಿ ತೆರೆಯುತ್ತದೆಯೇ ನೋಡಿ. ನಮ್ಮ ಸೀಮೆಯ ಗಾಡಿಗಳು ಕುದಿಯುವುದು ಥರ್ಮೋಸ್ಟ್ಯಾಟಿನಿಂದಲ್ಲ, ಬೋರ್‌ವೆಲ್ ನೀರಿನಿಂದ. ಕೊಡಪಾನದಲ್ಲಿ ಕಟ್ಟುವ ಸುಣ್ಣದ ಪದರವೇ ರೇಡಿಯೇಟರಿನಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ಹಾಕಿ. ಸ್ಪ್ಯಾನರ್ ಅವರ ಟ್ಯಾಕ್ಸಿಗಳು ದಿನವಿಡೀ ಓಡುತ್ತಿದ್ದವು, ನಮ್ಮವು ಸಂತೆಗೆ ಹೋಗಿ ಬರುತ್ತವೆ.

ಕೋಟೆ ಕೆಳಗಿನವನು

ಸ್ಪ್ರೇ ಪರೀಕ್ಷೆಯಲ್ಲಿ ಕಾರ್ಬುರೇಟರಿನ ತಳದ ಒಂದು ನಟ್ಟು ಸಡಿಲ ಸಿಕ್ಕಿತು. ಬಿಗಿದ ಮೇಲೆ ಸೀನುವುದು ನಿಂತಿದೆ. ತಡವರಿಕೆ ಸ್ವಲ್ಪ ಉಳಿದಿದೆ, ಜೆಟ್ ಹುಡುಕುತ್ತಿದ್ದೇನೆ.

ನೋಂದಣಿ ನವೀಕರಿಸುವುದು ಬಾಕಿ ಇದೆ. ಐವತ್ತು ವರ್ಷವಾಗದ ಗಾಡಿಗೂ ವಿಂಟೇಜ್ ನಂಬರ್ ಸಿಗುತ್ತದೆ ಎಂದು ಏಜೆಂಟ್ ಒಬ್ಬ ಹೇಳುತ್ತಿದ್ದಾನೆ.

ಸಿಂಧನೂರು ಗದ್ದೆ

ಸಿಗುವುದಿಲ್ಲ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿರಬೇಕು. ದಾಟಿದ್ದರೂ ಆ ನಂಬರಿನ ಗಾಡಿಯನ್ನು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗಷ್ಟೇ. ನಿಮ್ಮದಕ್ಕೆ ಸಾಮಾನ್ಯ ನವೀಕರಣವೇ ದಾರಿ, ಐದೈದು ವರ್ಷಕ್ಕೆ. 2022ರಲ್ಲಿ ಕಾರಿನ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು, 2025ರಲ್ಲಿ ಇಪ್ಪತ್ತು ವರ್ಷ ಮೀರಿದವಕ್ಕೆ 10,000 ಆಯಿತು. ಏಜೆಂಟನಿಗೆ ಕೊಡುವ ದುಡ್ಡಿನಲ್ಲಿ ಟೈರಿನ ತಾರೀಕು ನೋಡಿ ಹೊಸದು ಹಾಕಿಸಿ. ಇನ್‌ಸ್ಪೆಕ್ಟರ್ ಮೊದಲು ನೋಡುವುದು ಅದು, ಬ್ರೇಕು, ದೀಪ.

ಗಂಗಾವತಿ ಸ್ಪ್ಯಾನರ್

ಜೆಟ್ ಹುಡುಕಿ ಸುಸ್ತಾಗಬೇಡಿ. ನನ್ನ ಡಬ್ಬಿಯಲ್ಲಿ ಸೋಲೆಕ್ಸಿನ ಹಳೆಯ ಜೆಟ್‌ಗಳು ಒಂದು ಹಿಡಿ ಬಿದ್ದಿವೆ. ನಿಮ್ಮದರ ಅಂಕಿ ಬರೆಯಿರಿ, ಮುಂದಿನ ಮೆಟ್ಟಿಲಿನದು ಇದ್ದರೆ ಗಂಗಾವತಿಗೆ ಗಾಡಿಯಲ್ಲೇ ಬಂದು ಒಯ್ಯಿರಿ. ಬಟ್ಟೆ ಬೇಕಿಲ್ಲ.

ಕೋಟೆ ಕೆಳಗಿನವನು

ನಾಳೆ ಬೆಳಿಗ್ಗೆ ಬಿಚ್ಚಿ ಅಂಕಿ ಬರೆಯುತ್ತೇನೆ.